ಮೆಕ್ಸಿಕೋದ ಪ್ರೇತಕ್ಕೆ ಹಿಮ್ಮಡಿ ಮುಂದಾದ ಪ್ರಕರಣ

ಮುಸಫ್ಫಾ, ಮಾರ್ಚ್ 2014

ನಾವು ಪೋಸ್ಟರ್ ತೂಗುಹಾಕಿದ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ಒಂದು ಪ್ರೇತಕ್ಕೆ ತಪ್ಪು ಕಾಲು ಜೋಡಿಸಿದ್ದಕ್ಕೆ ನೀವು ನನ್ನ ಜೊತೆ ಕೆಲಸ ಮಾಡುವ ಅಲಿಕುಂಞಿಯ ಗೇಟ್ ಪಾಸ್ ಕಿತ್ತುಕೊಂಡಿದ್ದೀರಿ. ಆ ಕಾಲು ಜೋಡಿಸಿದವನು ನಾನು. ಪಾಸ್ ಇಲ್ಲದವನಿಗೆ ನಮ್ಮ ಫ್ರೇಮ್ ಕಂಪನಿಯಲ್ಲಿ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಈ ಕೊಲ್ಲಿ ನಾಡಿನಲ್ಲಿ ವೀಸಾ ಇಲ್ಲ. ಈ ತಿಂಗಳ ಮೂವತ್ತಕ್ಕೆ ಅವನನ್ನು ಊರಿಗೆ ಕಳುಹಿಸುತ್ತಾರೆ. ಇದನ್ನು ಇಂಗ್ಲಿಷಿನಲ್ಲಿ ಬರೆಯುವಷ್ಟು ನಾನು ಓದಿಲ್ಲ, ಎಂಟನೆಯ ತರಗತಿ ಅರ್ಧಕ್ಕೆ ಬಿಟ್ಟವನು. ಹಾಗಾಗಿ ಕನ್ನಡ ಸಂಘದ ಪತ್ರಿಕೆಗೆ ಕೊಟ್ಟಿದ್ದೇನೆ. ನಿಮ್ಮಲ್ಲಿ ಟಿಕೆಟ್ ಕೌಂಟರಿನಿಂದ ಹಿಡಿದು ಏ.ಸಿ. ರಿಪೇರಿಯವರೆಗೆ ಉಡುಪಿ ಕಡೆಯವರಿದ್ದಾರೆ, ಯಾರಾದರೂ ಓದಿ ಹೇಳಿಯಾರು. ಹೇಳದಿದ್ದರೂ ಚಿಂತೆ, ಹೇಳಿದರೂ ಚಿಂತೆ.

ನಡೆದದ್ದು ಇಷ್ಟು. ಹಳೆಯ ಮೆಕ್ಸಿಕನ್ ಭಯಾನಕ ಸಿನಿಮಾಗಳ ಪೋಸ್ಟರುಗಳು ಫ್ರೇಮಿಗೆಂದು ನಮ್ಮ ಶೆಡ್ಡಿಗೆ ಬಂದವು. ದೊಡ್ಡವು ಎರಡೆರಡು ಹಾಳೆ; ಮೇಲಿನದೊಂದು, ಕೆಳಗಿನದೊಂದು. ಒಂದರಲ್ಲಿ ಬಿಳಿ ನಿಲುವಂಗಿಯ ಹೆಣ್ಣು ಪ್ರೇತ ನಮ್ಮತ್ತ ನೋಡುತ್ತಿದೆ. ಇನ್ನೊಂದರಲ್ಲಿ ಬಿಳಿ ನಿಲುವಂಗಿಯ ಗಂಡಸು ನಮಗೆ ಬೆನ್ನು ಹಾಕಿ ಓಡುತ್ತಿದ್ದಾನೆ. ಕೆಳಗಿನ ಹಾಳೆಗಳಲ್ಲಿ ಬರೀ ನಿಲುವಂಗಿಯ ಅಂಚು, ಬರಿಗಾಲು: ಒಂದರಲ್ಲಿ ಬೆರಳು ಕಾಣುತ್ತದೆ, ಒಂದರಲ್ಲಿ ಹಿಮ್ಮಡಿ. ಯಾವುದಕ್ಕೆ ಯಾವುದು ಎಂಬ ಚೀಟಿಯನ್ನು ನಿಮ್ಮವರು ಕಳುಹಿಸಿರಲಿಲ್ಲ.

"ಹಿಮ್ಮಡಿಯದ್ದು ಹೆಂಗಸಿಗೆ," ಎಂದೆ ನಾನು.

"ಅವಳ ಮುಖ ಈಚೆ ಉಂಟಲ್ಲ ಮಾರಾಯ," ಎಂದ ಅಲಿಕುಂಞಿ.

"ಅದಕ್ಕೇ ಹೇಳಿದ್ದು. ಪ್ರೇತಕ್ಕೆ ಪಾದ ಹಿಂದುಮುಂದು ಅಂತ ನನ್ನ ಅಜ್ಜಿ ಹೇಳುತ್ತಿದ್ದರು."

"ಅದು ನಮ್ಮ ಊರಿನದ್ದಕ್ಕೆ. ಇದು ಮೆಕ್ಸಿಕೋದ್ದು."

"ಸತ್ತ ಮೇಲೆ ಎಂತ ಮೆಕ್ಸಿಕೋ, ಎಂತ ಮಂಜೇಶ್ವರ? ಅವಳಿಗೆ ಪಾಸ್‌ಪೋರ್ಟ್ ಉಂಟಾ?"

"ಯಲ್ಲಾ, ಬೇಗ ಕೂರಿಸು. ನಿನ್ನ ತಲೆಬಿಸಿಯಲ್ಲಿ ನನ್ನ ಬಸ್ಸು ತಪ್ಪುತ್ತದೆ."

ಸ್ವಾಮೀ, ಆ ಎರಡು ಪೋಸ್ಟರು ಹಾಗೆಯೇ ಐದು ವಾರ ನಿಮ್ಮ ಗೋಡೆಯ ಮೇಲಿದ್ದವು. ಉದ್ಘಾಟನೆಗೆ ಬಂದ ಗಣ್ಯರು ನೋಡಿದರು, ತಜ್ಞರು ನೋಡಿದರು, ನೀವು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿರಿ. ಆಚೆ ಓಡುವ ಆ ಪಾಪದ ಗಂಡಸಿನ ಕಾಲ್ಬೆರಳು ಈಚೆ ಇದ್ದರೆ ಅವನು ಮುಗ್ಗರಿಸಿ ಬೀಳುತ್ತಾನಲ್ಲ ಎಂದು ಒಬ್ಬರಿಗಾದರೂ ಅನಿಸಬೇಡವೇ? ಅನಿಸಲಿಲ್ಲ. ಬದಲಿಗೆ ನಿಮ್ಮವರು ಪ್ರೇತದ ಪಕ್ಕ ವಿವರಣೆಯ ಫಲಕವೊಂದನ್ನು ಹಾಕಿದರು. ಒಂದು ಶುಕ್ರವಾರ ಅಣ್ಣನ ಮಗಳು ಸಮೀಕ್ಷಾಳನ್ನು ಕರೆದುಕೊಂಡು ಹೋಗಿ ಓದಿಸಿದೆ. ತಿರುಗಿದ ಪಾದಗಳೆಂದರೆ, ಮುಂದೆ ನೋಡುತ್ತಲೇ ಹಿಂದಕ್ಕೆ ನಡೆಯುವ ಆಧುನಿಕ ಸಮಾಜದ ಸಂಕೇತವಂತೆ.

"ಚಿಕ್ಕಪ್ಪ, ಇಟ್ಸ್ ವೆರಿ ಡೀಪ್," ಎಂದಳು.

"ಎಂತ ಡೀಪ್? ಅದು ನಾನು ಮಾಡಿದ್ದು."

"ದೆನ್ ಯು ಆರ್ ಡೀಪ್, ಚಿಕ್ಕಪ್ಪ."

ಹೌದೇನೋ ಎಂದು ಎರಡು ದಿನ ನಾನೂ ಎದೆಯುಬ್ಬಿಸಿ ಓಡಾಡಿದೆ. ಆಮೇಲೆ ಮೆಕ್ಸಿಕೋದ ಪ್ರವಾಸಿಯೊಬ್ಬ ಬಂದು, ನೋಡಿ, ಹೊಟ್ಟೆ ಹಿಡಿದು ನಕ್ಕನಂತೆ. ಮರುದಿನ ಫಲಕ ಮಾಯ, ಅಲಿಕುಂಞಿಯ ಪಾಸೂ ಮಾಯ. ಫಲಕ ಬರೆದವರ ಪಾಸ್ ಮಾತ್ರ ಅವರ ಕುತ್ತಿಗೆಯಲ್ಲೇ ತೂಗುತ್ತಿದೆ. ನಾನು ಅಜ್ಜಿ ಹೇಳಿದ್ದನ್ನು ನಂಬಿದೆ. ಅಷ್ಟು ಓದಿದವರು ನನ್ನನ್ನು ನಂಬಿದರು. ಯಾರದು ದೊಡ್ಡ ತಪ್ಪು?

ಅಲಿಕುಂಞಿ ಸಿಕ್ಕಿಬಿದ್ದದ್ದು ಕೆಲಸದ ಚೀಟಿಯಲ್ಲಿ ಅವನ ಸಹಿ ಇದ್ದದ್ದರಿಂದ. ಯಾವ ಕಾಗದಕ್ಕೂ ಸಹಿ ಹಾಕಲು ನನಗೆ ಹೆದರಿಕೆ. ಏಳು ವರ್ಷದಿಂದ ನನ್ನ ಕೆಲಸದ್ದಕ್ಕೂ ಅವನೇ ಹಾಕುತ್ತಿದ್ದಾನೆ. ನಿಮ್ಮ ಪೋಸ್ಟರುಗಳಲ್ಲಿ ರಕ್ತ ಕುಡಿಯುವವರಿದ್ದರು, ಸಮಾಧಿಯಿಂದ ಎದ್ದವರಿದ್ದರು. ಒಬ್ಬರನ್ನೂ ಕಂಡು ನಾನು ಹೆದರಲಿಲ್ಲ. ನಿಮ್ಮ ಕಚೇರಿಯ ಪಾಸ್ ರದ್ದೆಂಬ ಎರಡು ಸಾಲಿನ ಇಮೇಲ್ ನಮ್ಮ ಕಂಪನಿಗೆ ಬಂದಂದಿನಿಂದ ಫೋನ್ ಸದ್ದಾದರೆ ದಿಂಬಿನಡಿ ತುರುಕುತ್ತಿದ್ದೇನೆ. ತಪ್ಪು ನನ್ನದೆಂದು ಹೇಳಿಬಿಡುತ್ತೇನೆ ಎಂದರೆ ಅಲಿಕುಂಞಿ, "ಸುಮ್ಮನಿರು ಮಾರಾಯ, ಇಬ್ಬರೂ ಹೋಗಿ ಎಂತ ಲಾಭ?" ಎನ್ನುತ್ತಾನೆ.

ಆದ್ದರಿಂದ ನನ್ನ ಬೇಡಿಕೆ: ಮೂವತ್ತರೊಳಗೆ ಅಲಿಕುಂಞಿಯ ಪಾಸ್ ಹಿಂತಿರುಗಿಸಿ. ಶಿಕ್ಷೆ ಕೊಡಲೇಬೇಕೆಂದಿದ್ದರೆ ನನಗೆ ಕೊಡಿ. ಈ ಸಾಲನ್ನು ಮೂರು ಸಲ ಹೊಡೆದುಹಾಕಿದೆ, ಆದರೂ ಬರೆದೆ. ಅದೂ ಆಗದು, ಅವನೇ ಹೋಗಬೇಕು ಎನ್ನುವುದಾದರೆ ಫಲಕ ಬರೆದವರನ್ನೂ ಅದೇ ವಿಮಾನದಲ್ಲಿ ಕಳುಹಿಸಿ. ಕಿಟಕಿ ಸೀಟು ಅಲಿಕುಂಞಿಗಿರಲಿ.

ಇಂತಿ,
ಅಚ್ಚಾಗುವ ತನಕವೂ ಅಚ್ಚಾದ ಮೇಲೂ ನಿದ್ದೆಯಿಲ್ಲದ
ಸರ್ವೋತ್ತಮ
(ಫ್ರೇಮ್ ಕೆಲಸ)