ತಾಯಿ ಮರೆಯುವ ಅಧ್ಯಾಯ

ಇಜ್ಮಿರ್, ೧೪ ನವೆಂಬರ್ ೧೯೯೨

ಪ್ರಿಯ ಸೆರ್ಮೆತ್,

ನಿನ್ನ ಬೇಸಿಗೆಯ ಕಾಗದಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈದುಕೊಳ್ಳಬೇಡ. ಸ್ಟಾಕ್‌ಹೋಮಿನಲ್ಲಿ ಆಗಲೇ ಹಿಮ ಬಿದ್ದಿರಬೇಕು. ಇಲ್ಲಿ ಇನ್ನೂ ಕಿಟಕಿ ತೆರೆದೇ ಮಲಗುತ್ತೇವೆ.

ನಿನ್ನ ಕಾದಂಬರಿಯನ್ನು ಮತ್ತೆ ಅಚ್ಚು ಹಾಕುತ್ತಾರಂತೆ. ಸೈನ್ಯ ಅಧಿಕಾರ ಹಿಡಿಯುವ ಮೊದಲು ನೀನದನ್ನು ಬರೆದಾಗ ನಾವು ನಕ್ಕಿದ್ದೆವು. ಕತ್ತಲಾದರೆ ಬೀದಿಗಿಳಿಯಬಾರದ ನಗರ. ಹಿಡಿದೊಯ್ದವರ ಹೆಸರನ್ನು ಮನೆಯವರೂ ಎತ್ತಬಾರದು. ಕೊನೆಗೆ ತಾಯಿಯೊಬ್ಬಳು ಮಗನ ಹೆಸರನ್ನೇ ಮರೆಯುತ್ತಾಳೆ. ಮೊನ್ನೆ ನನ್ನ ಪುಸ್ತಕದಂಗಡಿಯಲ್ಲಿ ಒಬ್ಬ ಹುಡುಗಿ ಹಳೆಯ ಪ್ರತಿ ತಿರುವಿ, "ಇದನ್ನ ಕಲ್ಪನೆ ಅಂತ ಯಾಕೆ ಅಂತೀರಣ್ಣಾ? ನಮ್ಮಪ್ಪ ದಿನಾ ಹೇಳೋದೇ ಇದು," ಎಂದಳು.

ಆ ಪ್ರತಿ ಉಳಿದದ್ದೇ ವಿಚಿತ್ರ. ಸೈನಿಕರು ಮನೆ ಹೊಕ್ಕು ಪುಸ್ತಕ ಹುಡುಕುತ್ತಿದ್ದ ಆ ಸೆಪ್ಟೆಂಬರ್ ನೆನಪಿದೆಯಲ್ಲ? ಸುಡುಬಿಸಿಲಿನಲ್ಲೂ ಮನೆಮನೆಯ ಚಿಮಣಿ ಹೊಗೆಯಾಡುತ್ತಿತ್ತು. ಎಲ್ಲರ ಬಚ್ಚಲೊಲೆಯಲ್ಲೂ ಪುಸ್ತಕ. ನಮ್ಮ ಬೀದಿಯ ಜನ ಅಷ್ಟು ಶುಭ್ರವಾಗಿದ್ದದ್ದು ಬೇರೆಂದೂ ಇಲ್ಲ. ನಿನ್ನ ತಾಯಿ ಬೆಹಿಜೆ ಅಮ್ಮ ಕೆಂಪು ರಟ್ಟಿನದನ್ನೆಲ್ಲ ಒಲೆಗೆ ತುರುಕಿದರು, ತಮ್ಮ ಅಡುಗೆ ಪುಸ್ತಕವನ್ನೂ.

"ಬದನೆಕಾಯಿಗೂ ಜೈಲೇನಮ್ಮಾ?" ಎಂದು ನಿನ್ನ ತಮ್ಮ ಇಲ್ಗಾಜ್ ರೇಗಿಸಿದ.

"ಸುಮ್ನಿರೋ. ಅವ್ರು ಓದಲ್ಲ, ಬಣ್ಣ ನೋಡ್ತಾರೆ."

ನಿನ್ನದರ ರಟ್ಟು ನೀಲಿ. ನಿಜಕ್ಕೂ ಸುಡಬೇಕಾಗಿದ್ದ ಒಂದೇ ಪುಸ್ತಕ ಕಪಾಟಿನಲ್ಲಿ ಉಳಿಯಿತು. ಸ್ವಲ್ಪ ದಿನಕ್ಕೇ ಇಲ್ಗಾಜ್‌ನನ್ನು ಕರೆದೊಯ್ದರು, ಅವನು ಮರಳಲಿಲ್ಲ. ನೀನು ಗಡಿ ದಾಟಿದೆ. ಅಂದಿನಿಂದ ಅಮ್ಮ ಸಂಜೆ ಚಹಾ ಸುರಿಯುವಾಗ ಇಲ್ಗಾಜ್‌ಗೂ ಒಂದು ಲೋಟ ಇಡುತ್ತಾರೆ.

ಮರುಮುದ್ರಣದ ಮಾತು ಮೊದಲ ಸಲ ಬಂದಾಗ, ವಸಂತದಲ್ಲಿ, ಅವರು ಗದರಿದ್ದರು: "ಕೊನೇ ಅಧ್ಯಾಯ ತಿದ್ದು ಅಂತ ಬರಿ ಅವ್ನಿಗೆ. ಹೆತ್ತೋಳು ಮರೀತಾಳಾ? ಇವ್ನೇನು ಹೆತ್ತು ನೋಡಿದಾನಾ?" ಪ್ರಕಾಶಕರು ನಿನ್ನ ಒಪ್ಪಿಗೆಗೆ ಕಾದಿದ್ದಾರೆ. ನಿನ್ನ ಮೇಲಿನ ಮೊಕದ್ದಮೆಯೂ ಬಿದ್ದುಹೋಯಿತು. ಆದರೂ ಪ್ರತಿ ಕಾಗದದಲ್ಲಿ ಮುಂದಿನ ವರ್ಷ ಬರುತ್ತೇನೆ ಎನ್ನುತ್ತೀಯ.

ತಣ್ಣಗಿರು ಎಂದು ಹರಸಲು ನಿನ್ನ ಊರು ಬಿಡುವುದಿಲ್ಲ. ದೇವರು ಬೆಚ್ಚಗಿಟ್ಟಿರಲಿ.

ನಿನ್ನ
ತುರ್ಗಾಯ್

ತಾ.ಕ.: ನಿನ್ನೆ ಅಮ್ಮ ಎಂದಿನಂತೆ ಮೂರು ಲೋಟ ಸುರಿದರು, ತಮಗೆ, ನನಗೆ, ಅವನಿಗೆ. ಮೂರನೆಯದನ್ನು ಬಹಳ ಹೊತ್ತು ನೋಡುತ್ತ ಕುಳಿತರು. "ಇದು ಯಾರ್ದು ಮಗಾ?" ಎಂದರು. ಹೆಸರು ನನ್ನ ಬಾಯಿಂದ ಹೊರಡಲಿಲ್ಲ. "ಯಾರೋ ಬರೋರಿದ್ರು. ಆರೋಗತ್ತೆ, ನೀನೇ ಕುಡಿ," ಎಂದರು ಅವರೇ. ಕುಡಿದೆ. ನಿನ್ನ ಹೆಸರು ಅವರಿಗೆ ಇನ್ನೂ ನೆನಪಿದೆ. ಅಧ್ಯಾಯ ಹಾಗೇ ಇರಲಿ, ನೀನು ಬಾ.