ನನ್ನ ಕೈಗೆ ಕೊಡದ ಕತ್ತರಿ

ಸೂರತ್
8 ಡಿಸೆಂಬರ್ 1996, ಭಾನುವಾರ

ಅಮ್ಮನಿಗೆ ತಾರಾಳ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ವಿಮಲಾ ಚಿಕ್ಕಮ್ಮ, ಚಿಕ್ಕಪ್ಪ ಕ್ಷೇಮವಾಗಿದ್ದಾರೆ. ನನ್ನ ವಿಷಯ ಕೆಳಗೆ ಬರೆದಿದ್ದೇನೆ. ನೀನು ಓದಿದ ಮೇಲೆ ನನ್ನ ಕಾಗದವನ್ನು ಅಪ್ಪಯ್ಯ ಹೋಟೆಲಿನ ಗಲ್ಲಾದಲ್ಲಿ ಕುಳಿತು ಓದುತ್ತಾರೆ ಎಂದು ಗೊತ್ತು. ಈ ಸಲವೂ ಓದಲಿ. ಅವರು ಓದಬಾರದ್ದನ್ನು ಬೇರೆ ಚೀಟಿಯಲ್ಲಿ ಬರೆದು ಒಳಗೆ ಮಡಚಿಟ್ಟಿದ್ದೇನೆ. ಅದು ನಿನಗೆ ಮಾತ್ರ.

ನಿನ್ನೆ ಫ್ರೇನಿ ಆಂಟಿ ತಮ್ಮ ಪಾರ್ಲರಿನ ಡ್ರಾಯರಿನಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟರು. ಮೇ ತಿಂಗಳಲ್ಲಿ ನೀನು ಅವರಿಗೆ ಹಿಂದಿಯಲ್ಲಿ ಬರೆದದ್ದು. ಇಷ್ಟು ಹೇಳಿದರೆ ಉಳಿದದ್ದು ನಿನಗೆ ಗೊತ್ತೇ ಇದೆ. ಆದರೂ ಮೊದಲಿನಿಂದ ಬರೆಯುತ್ತೇನೆ. ಏಳು ತಿಂಗಳು ನಾನು ಅನುಭವಿಸಿದ್ದನ್ನು ನೀನು ಒಮ್ಮೆ ಕೂತು ಓದಬೇಕು.

ಕೂದಲು ಕತ್ತರಿಸುವುದನ್ನು ಕಲಿಯುತ್ತೇನೆ ಎಂದಾಗ ಅಪ್ಪಯ್ಯ ಮೂರು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಸಾಂಬಾರಿನಲ್ಲಿ ಒಂದು ಕೂದಲು ಸಿಕ್ಕಿದರೆ ಹತ್ತು ವರ್ಷದ ಗಿರಾಕಿ ತಪ್ಪುತ್ತಾನೆ, ಹೋಟೆಲಿನವನ ಮಗಳಿಗೆ ಊರಿನವರ ಕೂದಲೇ ಬೇಕಂತೆ ಎಂದು ಅಡುಗೆಯವರ ಎದುರೇ ಕೂಗಾಡಿದರು. ಆಗ ನನ್ನ ಪರ ನಿಂತವಳು ನೀನೊಬ್ಬಳೇ. ನಮ್ಮ ಅಹಮದಾಬಾದಿನಲ್ಲೇ ಕಲಿತರೆ ನಮ್ಮವರ ಬಾಯಿಗೆ ಬೀಳುತ್ತೇವೆ, ಸೂರತ್ತಿನಲ್ಲಿ ವಿಮಲಾ ಇದ್ದಾಳೆ, ಅಲ್ಲಿ ಕಲಿಯಲಿ ಎಂದೆ. ಕೇಳಿದವರಿಗೆಲ್ಲ ಹೊಲಿಗೆ ಕಲಿಯಲು ಹೋಗಿದ್ದಾಳೆ ಎಂದು ಹೇಳಿದೆ. ಅಲ್ಲೂ ಕತ್ತರಿಯೇ ಅಲ್ವಾ ಎಂದು ನನ್ನ ಕಡೆ ನೋಡಿ ನಕ್ಕೆ. ರವೆ ಉಂಡೆಯ ಡಬ್ಬಿ ಹಿಡಿದು ನೀನೇ ಜೊತೆಗೆ ಬಂದು, ಫ್ರೇನಿ ಆಂಟಿಗೆ ನನ್ನನ್ನು ಒಪ್ಪಿಸಿ ಹೋದೆ. ಪ್ಲಾಟ್‌ಫಾರ್ಮಿನಲ್ಲಿ ನಿನ್ನ ರೈಲು ಹೊರಟಾಗ, ಇಂಥ ಅಮ್ಮ ಯಾರಿಗುಂಟು ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅದು ನೆನಪಾದರೆ ಮೈ ಉರಿಯುತ್ತದೆ.

ಆಮೇಲೆ ಏನು ಕಲಿತೆ ಎಂದು ಕೇಳು. ಬಿದ್ದ ಕೂದಲು ಗುಡಿಸಿದೆ. ಬಾಚಣಿಗೆ ತೊಳೆದೆ, ಟವೆಲ್ ಕುದಿಸಿದೆ, ಗಿರಾಕಿಗಳ ಬೆನ್ನ ಹಿಂದೆ ಕೈಗನ್ನಡಿ ಹಿಡಿದು ನಿಂತೆ. ಕತ್ತರಿ ಹಿಡಿದದ್ದು ಪ್ಲಾಸ್ಟಿಕ್ ತಲೆಯ ಮೇಲೆ ಮಾತ್ರ. ಕತ್ತರಿಯಲ್ಲಿ ಹೆಬ್ಬೆರಳೊಂದೇ ಆಡಬೇಕು, ಉಳಿದ ಬೆರಳು ಅಲುಗಬಾರದು. ಅದನ್ನು ಸಿಟಿ ಬಸ್ಸಿನಲ್ಲಿ, ಊಟಕ್ಕೆ ಕೂತಲ್ಲಿ, ಕತ್ತರಿಯಿಲ್ಲದ ಬರಿಗೈಯಲ್ಲೇ ಅಭ್ಯಾಸ ಮಾಡಿದೆ. ಇವಳ ಬೆರಳಿಗೆ ಏನಾಗಿದೆ ಎಂದು ಚಿಕ್ಕಪ್ಪ ಗಾಬರಿಯಾದರು. ಒದ್ದೆ ಕೂದಲನ್ನು ಬೇಕಾದ್ದಕ್ಕಿಂತ ಅರ್ಧ ಇಂಚು ಉದ್ದ ಬಿಟ್ಟು ಕತ್ತರಿಸಬೇಕು, ಒಣಗಿದ ಮೇಲೆ ಅದು ಮೇಲೇರುತ್ತದೆ. ಗುಂಗುರು ಕೂದಲಾದರೆ ಇನ್ನೂ ಹೆಚ್ಚು. ಇದನ್ನೆಲ್ಲ ಮೂಲೆಯಲ್ಲಿ ನಿಂತು ನೋಡಿಯೇ ಕಲಿತೆ. ನನಗೊಂದು ತಲೆ ಕೊಡಿ ಎಂದು ಕೇಳಿದಾಗೆಲ್ಲ ಫ್ರೇನಿ ಆಂಟಿ ನನ್ನ ಮುಖ ನೋಡದೆ, ದೀಕರಾ ಎಂದು ಮಗಳಂತೆ ಕರೆದು, ನಿನಗಿನ್ನೂ ಕೈ ಬಂದಿಲ್ಲ ಎನ್ನುತ್ತಿದ್ದರು.

ನಿಕಿತಾ ಎಂಬ ಹುಡುಗಿ ನನ್ನ ನಂತರ, ಆಗಸ್ಟಿನಲ್ಲಿ ಸೇರಿದಳು. ಒಂದೇ ತಿಂಗಳಿಗೆ ಅವಳಿಗೆ ಯು ಕಟ್ ಮಾಡಲು ಕೊಟ್ಟರು. ಅವಳು ಮಾಡಿದ್ದು ಒಂದು ಬದಿ ಇಳಿದಿತ್ತು, ನನ್ನ ಕಣ್ಣಿಗೆ ಕಂಡಿತು. ಆದರೆ ನನ್ನ ಕಣ್ಣನ್ನೇ ನಾನು ನಂಬದ ಸ್ಥಿತಿಗೆ ಆಗ ಬಂದಿದ್ದೆ. ಅವತ್ತು ನಿನಗೆ ನಾಲ್ಕು ಪುಟ ಬರೆದೆ. ನೀನು ನೀಲಿ ಇನ್‌ಲ್ಯಾಂಡಿನಲ್ಲಿ ಉತ್ತರ ಬರೆದೆ. ತಾಳಿದವನು ಬಾಳಿಯಾನು, ಕೆಲವರಿಗೆ ಕೆಲವು ವಿದ್ಯೆ ಹತ್ತುವುದಿಲ್ಲ, ಅದಕ್ಕೆ ಅಳಬಾರದು, ಅಮ್ಮ ಇದ್ದೇನೆ. ಆ ಕಾಗದವನ್ನು ನಾನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ಈಗ ನಿನ್ನೆಯ ಮಾತು. ಮದುವೆಗಳ ಕಾಲವಲ್ಲವೇ, ಶನಿವಾರ ಬೆಳಿಗ್ಗೆಯಿಂದ ಫ್ರೇನಿ ಆಂಟಿ ಕೂತಿರಲಿಲ್ಲ. ಮಧ್ಯಾಹ್ನ ಒಬ್ಬ ಟೀಚರ್ ಬಂದರು, ಮೂರು ಗಂಟೆಯ ರೈಲಿಗೆ ಹೋಗಬೇಕಾದವರು. ಎಡಗಡೆ ಮುಗಿದು ಬಲಗಡೆಗೆ ಬರುವಾಗ ಆಂಟಿಯ ಹೆಬ್ಬೆರಳು ಸೆಟೆದು ನಿಂತಿತು. ಕತ್ತರಿ ಕೆಳಗೆ ಬಿತ್ತು. ಉಳಿದವರು ಊಟಕ್ಕೆ ಹೋಗಿದ್ದರು. ಅರ್ಧ ತಲೆ ಹಾಗೇ ಉಳಿದು ಟೀಚರ್ ಅಳುವಂತಾದರು. ನಾನು ಯಾರನ್ನೂ ಕೇಳದೆ ಕೈ ತೊಳೆದು ಬೇರೆ ಕತ್ತರಿ ತೆಗೆದುಕೊಂಡೆ. ಆಂಟಿ ಕತ್ತರಿಸಿದ ಎಡಗಡೆಯ ಎಳೆಯನ್ನೇ ಅಳತೆಗೆ ಹಿಡಿದು, ಪಾಲು ಪಾಲಾಗಿ ತೆಗೆದು, ಬಲಗಡೆ ಮುಗಿಸಿದೆ. ಕೊನೆಗೆ ಆಂಟಿ ಎದ್ದು ಬಂದು ಎರಡೂ ಬದಿಯ ಎಳೆಗಳನ್ನು ಬೆರಳಿನಿಂದ ಗದ್ದದವರೆಗೆ ಎಳೆದು ಜೋಡಿಸಿ ನೋಡಿದರು. ಒಂದು ನೂಲಿನಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಟೀಚರ್ ಹೋದ ಮೇಲೆ ಆಂಟಿ ತಲೆ ತಗ್ಗಿಸಿ ಕೂತರು. ನಿನಗೆ ಮೂರನೇ ತಿಂಗಳಿಗೇ ಕೈ ಬಂದಿತ್ತು, ನನಗೆ ಇನ್ನು ಸುಳ್ಳು ಹೇಳಲಾಗುವುದಿಲ್ಲ ಎಂದರು. ಆಮೇಲೆ ಡ್ರಾಯರ್ ತೆಗೆದರು.

ನಿನ್ನ ಅಕ್ಷರ ನನಗೆ ಗೊತ್ತಾಗುವುದಿಲ್ಲವೇ ಅಮ್ಮ? ಹಿಂದಿ ಪರೀಕ್ಷೆಗಳಲ್ಲಿ ಬಹುಮಾನ ಪಡೆದ ಅದೇ ದುಂಡು ಅಕ್ಷರ. ಮಗಳು ಹಟಮಾರಿ, ಬೇಡವೆಂದರೆ ಬೇಕೆನ್ನುತ್ತಾಳೆ. ಕಸ ಗುಡಿಸಲು ಹಚ್ಚಿರಿ, ತಲೆ ಮಾತ್ರ ಮುಟ್ಟಿಸಬೇಡಿ. ತನ್ನಿಂದ ಆಗದು ಎಂದು ಅವಳಿಗೇ ಅನಿಸಿದರೆ ದೀಪಾವಳಿಯೊಳಗೆ ತಾನಾಗಿ ಮನೆಗೆ ಬರುತ್ತಾಳೆ. ವಡೋದರದಲ್ಲಿ ಒಳ್ಳೆಯ ಸಂಬಂಧ ನೋಡಿದ್ದೇವೆ. ಅವಳ ತಂದೆಗೂ ಇದು ಗೊತ್ತಿಲ್ಲ. ನೀವೂ ಒಬ್ಬ ತಾಯಿ, ಕೈ ಮುಗಿದು ಕೇಳುತ್ತೇನೆ. ಹೀಗೆ ಬರೆದಿದ್ದೀಯ.

ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದು ನೀನೇ ಬೇರೆಯವರನ್ನು ಆಡಿಕೊಳ್ಳುತ್ತಿದ್ದೆ. ಅಪ್ಪಯ್ಯ ನನ್ನ ಎದುರೇ ಬೇಡವೆಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೈದವರ ಜೊತೆ ಜಗಳವಾಡಬಹುದು, ರಾಜಿಯಾಗಬಹುದು. ನೀನೂ ಬೇಡವೆಂದಿದ್ದರೆ ನಾನು ಅತ್ತು, ಕೂಗಿ, ಬಹುಶಃ ಸುಮ್ಮನಾಗುತ್ತಿದ್ದೆ. ನೀನು ಹಾಗೆ ಮಾಡಲಿಲ್ಲ. ನನ್ನಿಂದ ಆಗುವುದಿಲ್ಲ ಎಂದು ನನ್ನ ಬಾಯಿಂದಲೇ ಹೇಳಿಸಿದೆ. ನನಗೆ ಮೋಸವಾಗಿದೆ ಅಮ್ಮ. ಮೋಸ ಮಾಡಿದವಳು ನೀನು ಎಂದು ಬರೆಯಲು ಇಷ್ಟು ಪುಟ ಬೇಕಾಯಿತು.

ಕಳೆದ ತಿಂಗಳು ನಾನು ಬರೆದ ಕಾಗದ ನಿನ್ನ ಹತ್ತಿರ ಇದೆ. ಸೋತೆ, ಬರುತ್ತೇನೆ, ವಡೋದರದವರಿಗೆ ಹೂಂ ಎಂದು ಹೇಳು ಎಂದು ಬರೆದಿದ್ದೆ. ಧನುರ್ಮಾಸ ಬರುವ ಮೊದಲು, ಬರುವ ಭಾನುವಾರವೇ ನಿಶ್ಚಯ ಇಟ್ಟಿದ್ದೀರಿ. ಆ ಹೂಂ ಅನ್ನು ನಾನು ವಾಪಸು ತೆಗೆದುಕೊಂಡಿದ್ದೇನೆ. ಆ ಹುಡುಗ ಹೃಷಿಕೇಶ ಒಳ್ಳೆಯವರೇ ಇರಬಹುದು. ದೀಪಾವಳಿಗೆ ನೋಡಲು ಬಂದಾಗ, ಏನು ಹೊಲಿಯುತ್ತೀರಿ ಎಂದು ಪಾಪ ಕೇಳಿದರು. ನಾನು ತಲೆ ತಗ್ಗಿಸಿ, ಬ್ಲೌಸು ಎಂದೆ. ಅವರ ಮನೆಯವರಿಗೆ ನೀನೇ ಹೇಳಬೇಕು. ಜಾತಕ, ಮೈಲಿಗೆ ಎಂದೆಲ್ಲ ನೆಪ ಹೇಳಬೇಡ. ಹುಡುಗಿ ಹೊಲಿಯುವುದಿಲ್ಲ, ಕೂದಲು ಕತ್ತರಿಸುತ್ತಾಳೆ, ಅದು ಬಿಡುವುದಿಲ್ಲವಂತೆ ಎಂದು ಇದ್ದದ್ದನ್ನು ಹೇಳು. ನೀನು ಹೇಳದಿದ್ದರೆ ಗುರುವಾರ ನಾನೇ ವಡೋದರಕ್ಕೆ ಹೋಗಿ ಅವರ ಹೋಟೆಲಿನ ಗಲ್ಲಾದ ಎದುರು ನಿಂತು ಹೇಳಿ ಬರುತ್ತೇನೆ.

ಮಂಗಳವಾರದಿಂದ ನನಗೆ ಎರಡನೇ ಕುರ್ಚಿ ಕೊಡುತ್ತೇನೆ ಎಂದಿದ್ದಾರೆ ಆಂಟಿ. ಅವರ ಮೇಲೂ ಸಿಟ್ಟಿದೆ. ಆದರೆ ಅವರು ನನ್ನ ಎದುರು ಕೂತು ತಪ್ಪಾಯಿತು ಎಂದರು.

ಇತಿ,
ನಿನ್ನ ಮಗಳು
ತಾರಾ

ನಿನಗೆ ಮಾತ್ರ (ಇದೇ ಆ ಚೀಟಿ, ಓದಿ ಒಲೆಗೆ ಹಾಕು)

ಅಮ್ಮ, ನನಗೆ ಹದಿಮೂರು ವರ್ಷವಿದ್ದಾಗ ನಿನಗೆ ಟೈಫಾಯಿಡ್ ಬಂದು ಕೂದಲು ಹಿಡಿ ಹಿಡಿಯಾಗಿ ಉದುರಿತು. ಉಳಿದ ತೇಪೆಗಳು ಯಾರಿಗೂ ಕಾಣಬಾರದೆಂದು ಬಚ್ಚಲಿನ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು, ಕತ್ತರಿಯನ್ನು ನನ್ನ ಕೈಗೆ ಕೊಟ್ಟೆ. ನಾನು ಕತ್ತರಿಸಿ ಸಮ ಮಾಡಿದ ಮೇಲೆ ನೀನು ಅಂಗೈಯಿಂದ ಹಿಂದಲೆ ಸವರಿಕೊಂಡು, ಲಾಯ್ಕ್ ಉಂಟು ಮಗಾ ನಿನ್ನ ಕೈ ಎಂದೆ. ಈ ವಿದ್ಯೆಯ ಆಸೆ ನನಗೆ ಹುಟ್ಟಿದ್ದು ಆ ಮಾತಿನಿಂದ. ನಿನ್ನ ಕೂದಲು ಮತ್ತೆ ಸರಿಯಾಗಿ ಬೆಳೆಯಲೇ ಇಲ್ಲ, ಅಂದಿನಿಂದ ನಿನ್ನ ಚವರಿಯ, ಆ ಕಟ್ಟುಗೂದಲಿನ, ಒಳಗಿನ ತಲೆಯನ್ನು ನೋಡಿದವಳು ನಾನೊಬ್ಬಳೇ. ಅಪ್ಪಯ್ಯನೂ ನೋಡಿಲ್ಲ.

ಈ ಏಳು ತಿಂಗಳಲ್ಲೂ ಎರಡು ತಿಂಗಳಿಗೊಮ್ಮೆ ನಾನು ರೈಲು ಹತ್ತಿ ಬಂದದ್ದು ಅದಕ್ಕೇ. ಊರಿನ ಒಂದು ತಲೆಯೂ ನನಗೆ ಸಿಗದಂತೆ ಮಾಡಿ, ನಿನ್ನ ತಲೆಯನ್ನು ಮಾತ್ರ ನನ್ನ ಮುಂದೆ ಬಗ್ಗಿಸಿದೆ. ದೀಪಾವಳಿಯ ಹಿಂದಿನ ದಿನ ನಿನ್ನ ಕೂದಲು ಕತ್ತರಿಸುತ್ತಲೇ ನನಗೆ ಕೈ ಬರಲಿಲ್ಲ ಅಮ್ಮ ಎಂದು ಅತ್ತೆ. ನೀನು ತಲೆ ಎತ್ತಲಿಲ್ಲ.

ನಿನ್ನ ಗುಟ್ಟನ್ನು ನಾನು ಯಾರಿಗೂ ಹೇಳುವುದಿಲ್ಲ, ಫ್ರೇನಿ ಆಂಟಿಗೂ ಹೇಳಿಲ್ಲ. ಆದರೆ ಇನ್ನು ಬಚ್ಚಲಿಗೆ ಬರುವುದಿಲ್ಲ. ಜನವರಿಯಲ್ಲಿ ನೀನೇ ಸೂರತ್ತಿಗೆ ಬಾ. ಸೋಮವಾರ ಪಾರ್ಲರಿಗೆ ರಜೆ, ಕೀಲಿಕೈ ಕೇಳಿ ಇಟ್ಟುಕೊಂಡಿದ್ದೇನೆ. ಯಾರೂ ಇರುವುದಿಲ್ಲ, ಚವರಿ ಬಿಚ್ಚಬಹುದು. ಬಚ್ಚಲಿನಲ್ಲಿ ಕನ್ನಡಿ ಇರಲಿಲ್ಲ. ಇಲ್ಲಿ ಕುರ್ಚಿಯ ಎದುರೇ ಇದೆ. ನನ್ನ ಕೈ ಹೇಗಿದೆ ಎಂದು ಈ ಸಲ ನನ್ನ ಮುಖ ನೋಡಿ ಹೇಳಬೇಕು.