ಬೋಳು ಕತ್ತರಿಯ ಮೇಲೆ ಹಕ್ಕಿ

ಕಾರ್ಖಾನೆಯ ಹಿಂದಿನ ಕೋಣೆ
ಮಾರ್ಚ್ ೧೨, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಣಿಕಟ್ಟಿನ ನೋವು ಕಡಿಮೆಯಾಯಿತೇ? ಇಡೀ ದಿನ ಬಟ್ಟೆ ಕತ್ತರಿಸುವ ಕೆಲಸದಲ್ಲಿ ಅದು ಎಲ್ಲಿ ವಾಸಿಯಾದೀತು ಎಂದು ಅಮ್ಮ ಕೊರಗುತ್ತಾಳೆ. ಮಲಗುವ ಮುಂಚೆ ಕೈಯನ್ನು ಬಿಸಿನೀರಿನಲ್ಲಿ ಇಟ್ಟುಕೊಳ್ಳಬೇಕಂತೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಕೆಮ್ಮು ಹಾಗೇ ಇದೆ, ಆದರೆ ನನ್ನನ್ನು ಬೈಯುವಷ್ಟು ಉಸಿರು ಉಳಿದಿದೆ. ಆದ್ದರಿಂದ ಚಿಂತೆ ಬೇಡ.

ಈಗ ಸುದ್ದಿ. ನಮ್ಮ ಕತ್ತರಿಗಳ ಮೇಲಿನ ಹಕ್ಕಿ ಕೊನೆಗೂ ನಮ್ಮದಾಯಿತು. ಟ್ರೇಡ್ ಮಾರ್ಕ್ ನೋಂದಣಿಯಾಗಿ ಪ್ರಮಾಣಪತ್ರ ಬಂದಿದೆ. ನೀನು ಎಂದೋ ಸೀಮೆಸುಣ್ಣದಲ್ಲಿ ಸಾಣೆಕಲ್ಲಿನ ಪಕ್ಕದ ಗೋಡೆಯ ಮೇಲೆ ಬರೆದ, ಬಾಲ ಮೇಲೆತ್ತಿದ ಹಕ್ಕಿ ಈಗ ಕಚೇರಿಯ ಮೊಹರಿನ ಪಕ್ಕದಲ್ಲಿ ಕೂತಿದೆ. ಅಮ್ಮ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದಳು. ಅಪ್ಪ ಅದನ್ನು ನೋಡುವುದಿಲ್ಲ ಎಂದು ತೋರಿಸಿಕೊಳ್ಳುತ್ತಾ ದಿನವೂ ಅದರ ಧೂಳು ಒರೆಸುತ್ತಾರೆ.

ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲವಲ್ಲ, ಮೊದಲಿನಿಂದ ಹೇಳುತ್ತೇನೆ. ದರ್ಜಿಗಳು ಒಬ್ಬೊಬ್ಬರಾಗಿ ಬಂದು ಜಗಳ ತೆಗೆಯತೊಡಗಿದರು. ಮೂಲೆಯಂಗಡಿಯ ಮುದುಕ ದರ್ಜಿಯಂತೂ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, “ಏನ್ರೀ ಇದು, ನಿಮ್ಮ ಹಕ್ಕಿ ಬಟ್ಟೇನ ಕತ್ತರಿಸುತ್ತೋ, ಅಗಿಯುತ್ತೋ?” ಎಂದ. ನೋಡಿದರೆ ಅದರ ಮೇಲಿದ್ದದ್ದು ನಮ್ಮದಲ್ಲದ ಯಾವುದೋ ಹೊಸ ಅಚ್ಚಿನಲ್ಲಿ ಹೊಡೆದ ಹಕ್ಕಿ, ಬಾಲ ತುಸು ಗಿಡ್ಡ. ಯಾರೋ ನಕಲಿ ಕತ್ತರಿ ಮಾಡುತ್ತಿದ್ದಾರೆ ಎಂದುಕೊಂಡೆವು. ವಕೀಲೆಯೊಬ್ಬರನ್ನು ಕಂಡು ಗುರುತಿನ ನೋಂದಣಿಗೆ ಅರ್ಜಿ ಹಾಕಿದೆವು. ಕೂಡಲೇ ಬಜಾರಿನ ಸಗಟು ವ್ಯಾಪಾರಿ, ನೀನು ಯಾವಾಗಲೂ ‘ನಗೆಮುಖ’ ಎನ್ನುತ್ತಿದ್ದೆಯಲ್ಲ, ಅವನೇ, ಆಕ್ಷೇಪಣೆ ಸಲ್ಲಿಸಿದ. ಹಕ್ಕಿಯ ಕತ್ತರಿ ತನ್ನ ಅಂಗಡಿಯಲ್ಲೂ ಇದೆ, ಆ ಗುರುತು ಯಾರೊಬ್ಬರ ಸೊತ್ತೂ ಅಲ್ಲ ಎಂದು.

ಅವನು ಸಾಕ್ಷಿಗೆಂದು ಕೊಟ್ಟ ಕತ್ತರಿಯನ್ನು ವಕೀಲರ ಕೋಣೆಯಲ್ಲಿ ಅಪ್ಪ ಎತ್ತಿಕೊಂಡರು. ಎರಡು ಸಲ ತೆರೆದು ಮುಚ್ಚಿದರು, ಅಲಗಿನ ಒಳಮೈಯನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ, “ಇದು ನಕಲಿಯಲ್ಲ, ನನ್ನ ಕೈಯದೇ,” ಎಂದರು. ವಕೀಲರು ಪೆನ್ನು ಕೆಳಗಿಟ್ಟರು. ಅಕ್ಕಾ, ಅವು ನಮ್ಮ ಬೋಳು ಕತ್ತರಿಗಳು. ಒದ್ದೆ ಬಟ್ಟೆಯ ಮೇಲೆ ತುದಿ ಕಚ್ಚುವುದಿಲ್ಲವೆಂದು ನೀನು ಹಕ್ಕಿ ಹೊಡೆಯದೆ ಪಕ್ಕಕ್ಕೆ ಎಸೆಯುತ್ತಿದ್ದೆಯಲ್ಲ, ಅವೇ. ಮುರಿದು ಹಾಕಿ ಎಂದು ನೀನು, ಕಾಗದ ಕತ್ತರಿಸೋಕಾದರೂ ಆಗ್ತವಲ್ಲ ಎಂದು ಅಪ್ಪ. “ಹಾಗಾದ್ರೆ ನಾನು ಇಲ್ಲಿ ಪರೀಕ್ಷೆ ಮಾಡೋದು ಯಾಕೆ?” ಎಂದು ನೀನು ಸ್ಟೂಲಿನಿಂದ ಎದ್ದು ಮನೆ ಬಿಟ್ಟು ಹೋದದ್ದೂ ಅದಕ್ಕೇ ತಾನೆ. ನಗೆಮುಖ ಅವನ್ನೆಲ್ಲ ಅಪ್ಪನಿಂದ ಅಗ್ಗದಲ್ಲಿ ಕೊಂಡು, ಒಂದು ಅಚ್ಚು ಮಾಡಿಸಿ, ತಾನೇ ಹಕ್ಕಿ ಹೊಡೆದು ಮಾರುತ್ತಿದ್ದ.

ವಿಚಾರಣೆಯ ದಿನ ಅಪ್ಪನನ್ನು ಬಾಯಿಬಿಡದಂತೆ ಕೂರಿಸಲು ನಾನು ಪಟ್ಟ ಪಾಡು ಕೇಳಬೇಡ. ಅವರು ಕೂತಲ್ಲಿಂದಲೇ “ಮಾಡಿದ್ದು ನಾನೇ ಸ್ವಾಮಿ” ಎಂದುಬಿಟ್ಟರು. ನಗೆಮುಖ ಮುಖವೆಲ್ಲ ಹಲ್ಲಾಗಿ, “ನೋಡಿ, ಅವರ ಮಾಲಿಗೆ ಅವರದೇ ಗುರುತು ಹಾಕಿದೀನಿ. ಇದ್ರಲ್ಲಿ ಸುಳ್ಳೆಲ್ಲಿ ಬಂತು?” ಎಂದ. ಹಕ್ಕಿ ಹೋಯಿತು ಎಂದುಕೊಂಡೆ. ಆದರೆ ನಮ್ಮ ವಕೀಲರು ಗಾಬರಿಯಾಗಲಿಲ್ಲ. “ಕತ್ತರಿ ಇವರದೇ, ನಿಜ. ಇವರು ಬೇಕೆಂದೇ ಅದಕ್ಕೆ ಹಕ್ಕಿ ಹಾಕದೆ ಕೊಟ್ಟರು. ಇದಕ್ಕೆ ನಮ್ಮ ಭರವಸೆ ಇಲ್ಲ ಅಂತ ಅದರರ್ಥ. ಇವರು ಕೊಡದ ಮಾತನ್ನು ನೀವು ಇವರ ಹೆಸರಲ್ಲಿ ಕೊಟ್ಟಿರಿ,” ಎಂದರು. ನೋಂದಣಿ ಅಧಿಕಾರಿ ಆ ಕತ್ತರಿಯನ್ನೂ ಅದರ ಪಕ್ಕಕ್ಕಿಟ್ಟ ನಮ್ಮ ಹಳೆಯ ಕತ್ತರಿಯನ್ನೂ ಬಹಳ ಹೊತ್ತು ನೋಡಿದರು. ಆಕ್ಷೇಪಣೆ ತಳ್ಳಿಹೋಯಿತು. ಇನ್ನು ಮುಂದೆ ಹಕ್ಕಿ ಹೊಡೆಯುವುದಿಲ್ಲ ಎಂದು ನಗೆಮುಖ ಬರೆದುಕೊಟ್ಟು, ಅಚ್ಚನ್ನೂ ಒಪ್ಪಿಸಿದ್ದಾನೆ. ಹಿಂದಿರುಗುವಾಗ ಅಪ್ಪ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ, “ಅವಳೂ ಇದನ್ನೇ ಹೇಳಿದ್ಲು. ಇಷ್ಟು ಚೆನ್ನಾಗಿ ಹೇಳ್ಲಿಲ್ಲ, ಅಷ್ಟೆ,” ಎಂದರು. ಮರುದಿನ ಉಳಿದಿದ್ದ ಬೋಳು ಕತ್ತರಿಗಳನ್ನೆಲ್ಲ ಅಂಗಳದಲ್ಲಿ ಸುರಿದು ತಾವೇ ಸುತ್ತಿಗೆಯಿಂದ ಮುರಿದರು. ನಮಗೆ ಯಾರಿಗೂ ಮುಟ್ಟಲು ಬಿಡಲಿಲ್ಲ.

ಅಮ್ಮನ ಆಶೀರ್ವಾದ ಈ ಹಾಳೆ ಹಿಡಿಸುವುದಕ್ಕಿಂತ ಹೆಚ್ಚಿದೆ, ನೀನೇ ಊಹಿಸಿಕೋ. ಕೈಯನ್ನು ಜೋಪಾನ ಮಾಡು.

ನಿನ್ನ ತಮ್ಮ

ಮರೆತಿದ್ದೆ: ಪ್ರಮಾಣಪತ್ರ ಬಂದಾಗಿನಿಂದ ಅಪ್ಪ ಒಂದು ಕತ್ತರಿಗೂ ಹಕ್ಕಿ ಹೊಡೆಯಲು ಬಿಟ್ಟಿಲ್ಲ. ನಾನು ನಿನ್ನ ಹಾಗೆ ಅಲಗಿನ ಸದ್ದು ಕೇಳಿ ಪರೀಕ್ಷಿಸಿದರೆ, “ನಿನ್ನದು ಕಿವಿಯೋ, ಬಾಗಿಲ ಚಿಲಕವೋ?” ಎನ್ನುತ್ತಾರೆ. ಬುಟ್ಟಿ ತುಂಬಿದೆ, ನಿನ್ನ ಸ್ಟೂಲು ಖಾಲಿ ಇದೆ. ಈಗ ಈ ಕಾಗದ ಅಂಚೆಗೆ ಹಾಕಲು ಹೊರಟವನನ್ನು ಬಾಗಿಲಲ್ಲಿ ತಡೆದು ಹೇಳಿದರು: “ಕತ್ತರಿಗಳು ಕಾಯ್ತಾ ಇವೆ ಅಂತ ಬರಿ. ನಾನು ಹೇಳಿದೆ ಅಂತ ಮಾತ್ರ ಬರೀಬೇಡ.”